ಪಾರ್ಶ್ವವಾಯುವಿನ ನಂತರದ ಅಪಸ್ಮಾರ: ಮಿದುಳಿನ ಗ್ರಾಹಕಗಳಲ್ಲಿ ನಡೆಯುವ ಮಾರ್ಪಾಡು

ದಾಂಡೇಲಿ: ಪಾರ್ಶ್ವವಾಯುವಿನಿಂದ ಬಹುಮಟ್ಟಿಗೆ ಚೇತರಿಸಿಕೊಂಡಿದ್ದ ವ್ಯಕ್ತಿಯ ಕೈ ಆರೆಂಟು ತಿಂಗಳ ಬಳಿಕ ಒಂದು ಮುಂಜಾನೆ ತಾನಾಗಿಯೇ ಅದುರತೊಡಗುತ್ತದೆ. ಬಾಯಿಯ ಒಂದು ಮಗ್ಗುಲು ಸೆಳೆದುಕೊಳ್ಳುತ್ತದೆ. ಎರಡು ನಿಮಿಷದಲ್ಲಿ ಎಲ್ಲವೂ ನಿಲ್ಲುತ್ತದೆ. ಆದರೆ ವ್ಯಾಯಾಮದಿಂದ ಮರಳಿ ಪಡೆದಿದ್ದ ಕೈಯ ಬಲ ಮಾಯವಾಗಿ, ಕೈ ಜೋತುಬೀಳುತ್ತದೆ. 'ಮತ್ತೊಮ್ಮೆ ಲಕ್ವ ಹೊಡೆಯಿತು' ಎಂದು ಮನೆಯವರು ಕಂಗಾಲಾಗುತ್ತಾರೆ. ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಬಲ ಮರಳಿದಾಗ ಹರಕೆಯೋ ನಾಟಿ ಮದ್ದೋ ಫಲಿಸಿತೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ನಿಜದಲ್ಲಿ ನಡೆದದ್ದು ಎರಡನೆಯ ಪಾರ್ಶ್ವವಾಯು ಅಲ್ಲದಿರಬಹುದು, ಅಪಸ್ಮಾರದ ಮೊದಲ ಸೆಳವು ಆಗಿರಬಹುದು. ಸೆಳವಿನ ಬಳಿಕ ಅಂಗವೊಂದು ತಾತ್ಕಾಲಿಕವಾಗಿ ಬಲ ಕಳೆದುಕೊಳ್ಳುವುದನ್ನು 19ನೇ ಶತಮಾನದ ವೈದ್ಯ ರಾಬರ್ಟ್ ಬೆಂಟ್ಲಿ ಟಾಡ್ ವಿವರಿಸಿದ್ದರಿಂದ ಅದಕ್ಕೆ 'ಟಾಡ್‌ನ ಪಾರ್ಶ್ವವಾಯು' ಎಂಬ ಹೆಸರೇ ಇದೆ.

ರಕ್ತನಾಳವೊಂದು ಕಟ್ಟಿಕೊಂಡೋ ಒಡೆದೋ ಮಿದುಳಿನ ಒಂದು ಭಾಗ ಸತ್ತುಹೋದ ಮೇಲೆ, ಸುತ್ತಲಿನ ಬದುಕುಳಿದ ನರಕೋಶಗಳು ತಿಂಗಳುಗಳ ಕಾಲ ಮೌನವಾಗಿದ್ದು ಒಮ್ಮೆಲೇ ಏಕೆ ಕೆರಳುತ್ತವೆ? ಕಳೆದ ಮೂರು ದಶಕಗಳ ಸಂಶೋಧನೆ ಈ ಪ್ರಶ್ನೆಗೆ ಉತ್ತರವನ್ನು ನರಕೋಶಗಳ ಮೇಲ್ಮೈಯಲ್ಲಿರುವ ಗ್ರಾಹಕಗಳಲ್ಲಿಯೂ, ಆ ಗ್ರಾಹಕಗಳನ್ನು ತಯಾರಿಸುವ ವಂಶವಾಹಿಗಳ ಏರಿಳಿತದಲ್ಲಿಯೂ ಹುಡುಕುತ್ತಿದೆ. ನರರೋಗ ತಜ್ಞರು ದೂರದ ನಗರಗಳಲ್ಲೇ ಇರುವ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಕುಟುಂಬಗಳಿಗೆ ಈ ಸಂಶೋಧನೆಯ ಸಾರ ಅರಿತಿರುವುದು ಪ್ರಯೋಜನಕಾರಿ. ರೋಗ ಏನೆಂದು ತಿಳಿಯದಿದ್ದರೆ ಗುಳಿಗೆಯನ್ನು ನಡುವೆಯೇ ನಿಲ್ಲಿಸುವುದು ಸಾಮಾನ್ಯ. ಹಾಗೆ ನಿಲ್ಲಿಸಿದ ಮರುದಿನವೇ ಅಪಾಯ ಎದುರಾಗಬಹುದು.

ಹೆಸರು ಮತ್ತು ವ್ಯಾಖ್ಯೆ

ಅಪಸ್ಮಾರಕ್ಕೆ ಕನ್ನಡದಲ್ಲಿ ಮೂರ್ಛೆರೋಗ ಎಂಬ ಹೆಸರು ರೂಢಿಯಲ್ಲಿದೆ. ಉತ್ತರ ಕರ್ನಾಟಕದಲ್ಲಿ ಮಲರೋಗ ಎಂದೂ ಕರೆಯುತ್ತಾರೆ. ಆಡುಮಾತಿನಲ್ಲಿ ಅದು 'ಫಿಟ್ಸ್'. ಮೂರ್ಛೆ ಹೋಗದೆಯೂ ಈ ರೋಗ ಇರಬಲ್ಲದು ಎಂಬುದು ಇಲ್ಲಿ ಮುಖ್ಯ. ಪಾರ್ಶ್ವವಾಯುವಿನ ನಂತರ ಬರುವ ಸೆಳವು ಎಷ್ಟೋ ಬಾರಿ ಒಂದು ಕೈ ಅಥವಾ ಮುಖದ ಒಂದು ಭಾಗಕ್ಕೆ ಸೀಮಿತವಾಗಿರುತ್ತದೆ. ಕೆಲವೊಮ್ಮೆ ಕೆಲವು ಕ್ಷಣ ಮಾತು ನಿಂತು, ದೃಷ್ಟಿ ಒಂದೆಡೆ ನೆಟ್ಟು, ಪ್ರಜ್ಞೆ ಮಸುಕಾಗುವುದಷ್ಟೇ ಲಕ್ಷಣ. ವಯಸ್ಸಾದವರಲ್ಲಿ ಇದನ್ನು ಮರೆವು ಎಂದು ಭಾವಿಸಿ ಕಡೆಗಣಿಸುವುದುಂಟು.

ಪಾರ್ಶ್ವವಾಯು ಸಂಭವಿಸಿದ 7 ದಿನಗಳೊಳಗೆ ಬರುವ ಸೆಳವನ್ನು ವೈದ್ಯರು 'ಆರಂಭಿಕ ಸೆಳವು' ಎನ್ನುತ್ತಾರೆ. ಅದು ಆ ಕ್ಷಣದ ಆಘಾತಕ್ಕೆ ಮಿದುಳು ತೋರುವ ಪ್ರತಿಕ್ರಿಯೆ. 7 ದಿನಗಳ ನಂತರ, ಬೇರಾವ ತಕ್ಷಣದ ಕಾರಣವೂ ಇಲ್ಲದೆ ಬಂದರೆ ಅದು 'ತಡವಾದ ಸೆಳವು'. ಅಮೆರಿಕದ ರೋಚೆಸ್ಟರ್ ನಗರದ ದಾಖಲೆಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆರಂಭಿಕ ಸೆಳವು ಕಂಡವರಲ್ಲಿ ಮುಂದಿನ 10 ವರ್ಷಗಳಲ್ಲಿ ಮತ್ತೊಂದು ಸೆಳವು ಬರುವ ಸಂಭವ ಶೇ 33. ತಡವಾದ ಸೆಳವು ಕಂಡವರಲ್ಲಿ ಅದು ಶೇ 71.5. ಅಪಸ್ಮಾರ ವಿರೋಧಿ ಅಂತರರಾಷ್ಟ್ರೀಯ ಲೀಗ್ 2014ರಲ್ಲಿ ರೋಗದ ವ್ಯಾಖ್ಯೆಯನ್ನು ಪರಿಷ್ಕರಿಸಿ, 10 ವರ್ಷಗಳಲ್ಲಿ ಮರುಕಳಿಸುವ ಸಂಭವ ಶೇ 60ರಷ್ಟಾದರೂ ಇದ್ದರೆ ಒಂದೇ ಸೆಳವನ್ನೂ ಅಪಸ್ಮಾರ ಎಂದು ಪರಿಗಣಿಸಬಹುದು ಎಂದಿತು. ಹೀಗಾಗಿ ಪಾರ್ಶ್ವವಾಯುವಿನ ವಾರದ ನಂತರ ಬಂದ ಒಂದು ಸೆಳವೂ ಚಿಕಿತ್ಸೆ ಆರಂಭಿಸಲು ಸಾಕಷ್ಟು ಕಾರಣವಾಗುತ್ತದೆ.

ಈ ಸಂಬಂಧ ಹೊಸದಾಗಿ ಕಂಡದ್ದೇನೂ ಅಲ್ಲ. ಲಂಡನ್ನಿನ ನರರೋಗ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ 1864ರಲ್ಲಿಯೇ ಪಾರ್ಶ್ವವಾಯು ಪೀಡಿತರು ಚೇತರಿಸಿಕೊಳ್ಳುವ ಹಂತದಲ್ಲಿ, ನಿಶ್ಶಕ್ತವಾಗಿದ್ದ ಮಗ್ಗುಲಿನಲ್ಲೇ ಸೆಳವು ಕಾಣಿಸಿಕೊಳ್ಳುವುದನ್ನು ಗುರುತಿಸಿದ್ದರು.

ಎಷ್ಟು ಮಂದಿಗೆ ಬರುತ್ತದೆ?

ಪಾರ್ಶ್ವವಾಯುವಿಗೆ ತುತ್ತಾದ 100 ಮಂದಿಯಲ್ಲಿ ಸುಮಾರು 5ರಿಂದ 10 ಮಂದಿಗೆ ಕೆಲವು ವರ್ಷಗಳೊಳಗೆ ಅಪಸ್ಮಾರ ಬರುತ್ತದೆ ಎಂದು ವಿವಿಧ ದೇಶಗಳ ಅಧ್ಯಯನಗಳು ಹೇಳುತ್ತವೆ. 60 ದಾಟಿದವರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಅಪಸ್ಮಾರಕ್ಕೆ ಗೊತ್ತಿರುವ ಕಾರಣಗಳ ಪೈಕಿ ಪಾರ್ಶ್ವವಾಯುವಿಗೇ ಮೊದಲ ಸ್ಥಾನ.

ಕರ್ನಾಟಕದಲ್ಲಿ ಅಪಸ್ಮಾರದ ವ್ಯಾಪ್ತಿಯನ್ನು ಅಳೆದ ಪ್ರಮುಖ ಸಮೀಕ್ಷೆ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ್ದು. ಬೆಂಗಳೂರು ನಗರ ಮತ್ತು ಗ್ರಾಮಾಂತರದ 1,02,557 ಮಂದಿಯನ್ನು ಮನೆಮನೆಗೆ ತೆರಳಿ ಪರಿಶೀಲಿಸಿದ ಈ ಸಮೀಕ್ಷೆಯ ಅಪಸ್ಮಾರ ಕುರಿತ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಸಾವಿರ ಮಂದಿಗೆ 8.83 ಮಂದಿಯಲ್ಲಿ ರೋಗ ಕಂಡುಬಂದಿತ್ತು. ನಗರದಲ್ಲಿ ಈ ಪ್ರಮಾಣ 5.7 ಇದ್ದರೆ ಹಳ್ಳಿಗಳಲ್ಲಿ 11.9, ಎಂದರೆ ಎರಡು ಪಟ್ಟು. ಚಿಕಿತ್ಸೆ ನಗರದಲ್ಲಿ, ರೋಗಿ ಹಳ್ಳಿಯಲ್ಲಿ ಎಂಬ ವಿರೋಧಾಭಾಸವನ್ನು ಈ ಅಂಕಿಗಳು ಸ್ಪಷ್ಟವಾಗಿ ತೋರಿಸುತ್ತವೆ.

ಯಾರಿಗೆ ಅಪಾಯ ಹೆಚ್ಚು ಎಂದು ಮುಂಚಿತವಾಗಿ ಅಂದಾಜಿಸುವ ವಿಧಾನಗಳೂ ಬಂದಿವೆ. ಸ್ವಿಟ್ಜರ್ಲೆಂಡಿನ ಸಂಶೋಧಕರ ನೇತೃತ್ವದಲ್ಲಿ 2018ರಲ್ಲಿ ಪ್ರಕಟವಾದ 'ಸೆಲೆಕ್ಟ್' ಎಂಬ ಅಂಕಪದ್ಧತಿ ಐದು ಅಂಶಗಳನ್ನು ಎಣಿಸುತ್ತದೆ: ಪಾರ್ಶ್ವವಾಯುವಿನ ತೀವ್ರತೆ, ದೊಡ್ಡ ರಕ್ತನಾಳದ ಕೊಬ್ಬು ಕಟ್ಟುವಿಕೆ, ಮೊದಲ ವಾರದಲ್ಲಿ ಬಂದ ಸೆಳವು, ಮಿದುಳಿನ ಹೊರಪದರಕ್ಕೆ ಆದ ಹಾನಿ, ಮತ್ತು ಮಿದುಳಿನ ನಡುವಣ ಧಮನಿಯ ವ್ಯಾಪ್ತಿಗೆ ತಗುಲಿದ ಹಾನಿ. ಶೂನ್ಯ ಅಂಕ ಪಡೆದವರಲ್ಲಿ ಒಂದು ವರ್ಷದೊಳಗೆ ತಡವಾದ ಸೆಳವು ಬರುವ ಸಂಭವ ಶೇ 0.7 ಮಾತ್ರ, ಗರಿಷ್ಠ 9 ಅಂಕ ಪಡೆದವರಲ್ಲಿ ಅದು ಶೇ 63. ಮಿದುಳಿನಲ್ಲಿ ರಕ್ತಸ್ರಾವ ಆದವರಿಗೆ 2014ರಲ್ಲಿ ಪ್ರಕಟವಾದ ಪ್ರತ್ಯೇಕ ಅಂಕಪದ್ಧತಿ ಇದೆ. ಎರಡರಲ್ಲಿಯೂ ಸಮಾನವಾಗಿರುವ ಅಂಶಗಳೆಂದರೆ ಹೊರಪದರದ ಹಾನಿ ಮತ್ತು ಆರಂಭಿಕ ಸೆಳವು. ಹೊರಪದರದಲ್ಲಿ ನರಕೋಶಗಳು ದಟ್ಟವಾಗಿದ್ದು, ಪರಸ್ಪರ ಗ್ರಾಹಕಗಳ ಮೂಲಕವೇ ಬೆಸೆದುಕೊಂಡಿರುವುದು ಇದಕ್ಕೆ ಕಾರಣ.

ಗ್ರಾಹಕ ಎಂದರೇನು?

ಒಂದು ನರಕೋಶ ಇನ್ನೊಂದರೊಡನೆ ವ್ಯವಹರಿಸುವುದು ರಾಸಾಯನಿಕ ಸಂದೇಶಗಳ ಮೂಲಕ. ಸಂದೇಶ ತಲುಪುವ ಕಡೆಯ ಕೋಶದ ಪೊರೆಯಲ್ಲಿ ಅದನ್ನು ಹಿಡಿಯುವ ಪ್ರೋಟೀನುಗಳಿರುತ್ತವೆ. ಇವೇ ಗ್ರಾಹಕಗಳು. ಕಾಳಿ ನದಿಗೆ ಅಡ್ಡವಾಗಿ ಕಟ್ಟಿದ ಸೂಪಾ ಅಣೆಕಟ್ಟೆಯ ಬಾಗಿಲುಗಳಿಗೆ ಇವನ್ನು ಹೋಲಿಸಬಹುದು. ಸರಿಯಾದ ಸಂದೇಶ ಬಂದಾಗ ಬಾಗಿಲು ತೆರೆಯುತ್ತದೆ. ವಿದ್ಯುದಾವೇಶ ಹೊತ್ತ ಸೋಡಿಯಂ, ಕ್ಯಾಲ್ಸಿಯಂ ಅಥವಾ ಕ್ಲೋರೈಡ್ ಕಣಗಳು ಹರಿಯುತ್ತವೆ.

ಕೆರಳಿಸುವ ಮುಖ್ಯ ಸಂದೇಶವಾಹಕ ಗ್ಲುಟಮೇಟ್. ಅದನ್ನು ಹಿಡಿಯುವ ಗ್ರಾಹಕಗಳಲ್ಲಿ ಆಂಪಾ ಮತ್ತು ಎನ್‌ಎಂಡಿಎ ಪ್ರಮುಖವಾದವು. ತಣಿಸುವ ಮುಖ್ಯ ಸಂದೇಶವಾಹಕ ಗಾಬಾ. ಅದರ ಗ್ರಾಹಕ ತೆರೆದಾಗ ಸಾಮಾನ್ಯವಾಗಿ ಕ್ಲೋರೈಡ್ ಒಳಹರಿದು ಕೋಶ ಶಾಂತವಾಗುತ್ತದೆ. ಕೆರಳುವಿಕೆ ಮತ್ತು ತಣಿವು ಇವೆರಡರ ಸಮತೋಲವೇ ಮಿದುಳಿನ ಆರೋಗ್ಯ. ಸಮತೋಲ ತಪ್ಪಿ ಸಾವಿರಾರು ಕೋಶಗಳು ಒಮ್ಮೆಗೇ ಮಿಡಿದರೆ ಅದು ಸೆಳವು.

ಪ್ರತಿಯೊಂದು ಗ್ರಾಹಕವೂ ಹಲವು ಉಪಘಟಕಗಳ ಜೋಡಣೆ. ಗಾಬಾ-ಎ ಗ್ರಾಹಕದಲ್ಲಿ 5 ಉಪಘಟಕಗಳು, ಆಂಪಾ ಮತ್ತು ಎನ್‌ಎಂಡಿಎ ಗ್ರಾಹಕಗಳಲ್ಲಿ ತಲಾ 4 ಇರುತ್ತವೆ. ಮನುಷ್ಯನಲ್ಲಿ ಗಾಬಾ-ಎ ಗ್ರಾಹಕದ ಉಪಘಟಕಗಳಿಗೆ 19 ವಂಶವಾಹಿಗಳಿವೆ. ಯಾವ ಉಪಘಟಕ ಎಷ್ಟು ತಯಾರಾಗುತ್ತದೆ ಎಂಬುದರ ಮೇಲೆ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ, ಯಾವ ಔಷಧಕ್ಕೆ ಸ್ಪಂದಿಸುತ್ತದೆ ಎಂಬುದು ನಿಂತಿದೆ.

ಇದು ಆನುವಂಶಿಕ ರೋಗವಲ್ಲ

ವಂಶವಾಹಿ ಎಂಬ ಪದ ಕೇಳಿದೊಡನೆ 'ಇದು ಮಕ್ಕಳಿಗೂ ಬರುತ್ತದೆಯೇ' ಎಂಬ ಆತಂಕ ಸಹಜ. ಇಲ್ಲಿ ಸ್ಪಷ್ಟನೆ ಅಗತ್ಯ. ವಂಶವಾಹಿಯ ಬರಹ ಬದಲಾಗುವುದು ಬೇರೆ. ಅದರ ಅಭಿವ್ಯಕ್ತಿ ಬದಲಾಗುವುದು ಬೇರೆ. ಪ್ರತಿ ಕೋಶದಲ್ಲಿಯೂ ಎಲ್ಲ ವಂಶವಾಹಿಗಳಿದ್ದರೂ, ಯಾವುದನ್ನು ಓದಬೇಕು, ಎಷ್ಟು ಪ್ರತಿ ತೆಗೆಯಬೇಕು ಎಂಬುದನ್ನು ಕೋಶ ಸಂದರ್ಭಕ್ಕೆ ತಕ್ಕಂತೆ ನಿರ್ಧರಿಸುತ್ತದೆ. ಮುದ್ರಣಾಲಯದಲ್ಲಿ ಅಚ್ಚು ಅದೇ ಇದ್ದು, ಇಂದು ಸಾವಿರ ಪ್ರತಿ, ನಾಳೆ ಇನ್ನೂರು ಪ್ರತಿ ತೆಗೆದಂತೆ.

ಪಾರ್ಶ್ವವಾಯುವಿನ ಬಳಿಕ ಬದಲಾಗುವುದು ಪ್ರತಿಗಳ ಸಂಖ್ಯೆ. ಆ ಬದಲಾವಣೆ ಮಿದುಳಿನ ಕೋಶಗಳಿಗೆ ಸೀಮಿತ, ಸಂತಾನಕ್ಕೆ ದಾಟುವಂಥದ್ದಲ್ಲ. ತಂದೆಗೆ ಪಾರ್ಶ್ವವಾಯುವಿನ ನಂತರ ಫಿಟ್ಸ್ ಬಂತೆಂಬ ಕಾರಣಕ್ಕೆ ಮಗಳ ಸಂಬಂಧ ತಪ್ಪುವುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಕಾನೂನು ಕೂಡ ಈ ಕಳಂಕವನ್ನು ತೊಡೆದುಹಾಕುವ ಹೆಜ್ಜೆ ಇಟ್ಟಿದೆ: 1999ರ ತಿದ್ದುಪಡಿಯ ಮೂಲಕ ಹಿಂದೂ ವಿವಾಹ ಕಾಯ್ದೆಯಲ್ಲಿ ವಿವಾಹಕ್ಕೆ ಅಡ್ಡಿಯಾಗಿ ನಮೂದಾಗಿದ್ದ ಅಪಸ್ಮಾರವನ್ನು ಕೈಬಿಡಲಾಯಿತು.

ಮೊದಲ ಗಂಟೆಗಳ ಬಿರುಗಾಳಿ

ರಕ್ತ ಪೂರೈಕೆ ನಿಂತ ಕೆಲವೇ ನಿಮಿಷಗಳಲ್ಲಿ ನರಕೋಶಗಳ ಶಕ್ತಿ ಬರಿದಾಗುತ್ತದೆ. ಒಳಗೆ ಹಿಡಿದಿಟ್ಟುಕೊಂಡಿದ್ದ ಗ್ಲುಟಮೇಟ್ ಹೊರಚೆಲ್ಲುತ್ತದೆ. ಸುತ್ತಲ ಕೋಶಗಳ ಎನ್‌ಎಂಡಿಎ ಗ್ರಾಹಕಗಳು ತೆರೆದುಕೊಂಡು ಕ್ಯಾಲ್ಸಿಯಂ ಮಿತಿಮೀರಿ ನುಗ್ಗುತ್ತದೆ. ಆರಂಭಿಕ ಸೆಳವಿಗೆ ಈ ಬಿರುಗಾಳಿಯೇ ಮುಖ್ಯ ಕಾರಣ.

ಬಿರುಗಾಳಿ ನಿಂತ ಮೇಲೂ ಒಳಗಿನ ಕೆಲಸ ನಿಲ್ಲುವುದಿಲ್ಲ. ಆಂಪಾ ಗ್ರಾಹಕದಲ್ಲಿ ಗ್ಲೂಎ2 ಎಂಬ ಉಪಘಟಕವೊಂದಿದೆ. ಅದು ಇದ್ದಲ್ಲಿ ಕ್ಯಾಲ್ಸಿಯಂಗೆ ಪ್ರವೇಶವಿಲ್ಲ. ಅದು ಬಾಗಿಲ ಕಾವಲುಗಾರನಿದ್ದಂತೆ. ಮಿದುಳಿಗೆ ರಕ್ತ ಪೂರೈಕೆ ತಡೆಹಿಡಿದ ಇಲಿಗಳಲ್ಲಿ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದ ಕೋಶಗಳಲ್ಲಿ 'ರೆಸ್ಟ್' ಎಂಬ ನಿಯಂತ್ರಕ ಪ್ರೋಟೀನು ಹೆಚ್ಚಾಗಿ, ಗ್ಲೂಎ2ರ ವಂಶವಾಹಿಯ ಬಾಯಿ ಮುಚ್ಚಿಸುತ್ತದೆ ಎಂದು 2003ರಲ್ಲಿ ನ್ಯೂಯಾರ್ಕಿನ ಸಂಶೋಧಕರ ತಂಡ ತೋರಿಸಿತು. ಕಾವಲುಗಾರನಿಲ್ಲದ ಗ್ರಾಹಕಗಳು ಕ್ಯಾಲ್ಸಿಯಂ ಅನ್ನು ಒಳಬಿಡುತ್ತವೆ. ದುರ್ಬಲ ಕೋಶಗಳು ದಿನಗಳ ಅಂತರದಲ್ಲಿ ಸಾಯುತ್ತವೆ. ಇಂಥ ಗ್ರಾಹಕಗಳನ್ನು ಹೊತ್ತು ಉಳಿದುಕೊಂಡ ಕೋಶಗಳು ಸುಲಭವಾಗಿ ಕೆರಳುತ್ತವೆ.

ತಣಿಸುವ ಗಾಬಾ ಕೆರಳಿಸುವಾಗ

ಜರ್ಮನಿಯ ಸಂಶೋಧಕರು ಇಲಿಗಳ ಮಿದುಳಿನ ಹೊರಪದರದಲ್ಲಿ ಸಣ್ಣ ಹಾನಿ ಉಂಟುಮಾಡಿ ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಹಾನಿ ಸಾಸಿವೆಯಷ್ಟಿದ್ದರೂ ಗಾಬಾ-ಎ ಗ್ರಾಹಕದ ಉಪಘಟಕಗಳ ಪ್ರಮಾಣ ಗಾಯದ ಸುತ್ತ ಮಾತ್ರವಲ್ಲದೆ ದೂರದ ಭಾಗಗಳಲ್ಲಿಯೂ ವಾರಗಳ ಕಾಲ ಬದಲಾಗಿತ್ತು. ಎನ್‌ಎಂಡಿಎ ಗ್ರಾಹಕವನ್ನು ಔಷಧದಿಂದ ತಡೆದಾಗ ಈ ಬದಲಾವಣೆ ತಗ್ಗಿತು. ಎಂದರೆ ಮೊದಲ ಗಂಟೆಗಳ ಗ್ಲುಟಮೇಟ್ ಬಿರುಗಾಳಿಯೇ ಮುಂದಿನ ವಾರಗಳ ಗಾಬಾ ಕೊರತೆಗೆ ಬೀಜ ಬಿತ್ತುತ್ತದೆ.

ಉಪಘಟಕಗಳ ಅದಲುಬದಲು ಇನ್ನೊಂದು ಮಜಲು. ಅಪಸ್ಮಾರಕ್ಕೆ ಒಳಪಡಿಸಿದ ಇಲಿಗಳ ಹಿಪೊಕ್ಯಾಂಪಸ್ ಕೋಶಗಳಲ್ಲಿ ಆಲ್ಫಾ-1 ಉಪಘಟಕ ಕಡಿಮೆಯಾಗಿ ಆಲ್ಫಾ-4 ಹೆಚ್ಚಾಗುವುದನ್ನು 1998ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡರು. ಸೆಳವು ಆರಂಭವಾಗುವುದಕ್ಕೂ ಮುನ್ನವೇ ಈ ಬದಲಾವಣೆ ಆಗಿತ್ತು ಎಂಬುದು ಗಮನಾರ್ಹ. ಆಲ್ಫಾ-4 ಇರುವ ಗ್ರಾಹಕಗಳು ಡಯಾಜೆಪಾಮ್‌ನಂಥ ಔಷಧಕ್ಕೆ ಸ್ಪಂದಿಸುವುದಿಲ್ಲ. 2006ರಲ್ಲಿ ಅದೇ ದಿಕ್ಕಿನ ಪ್ರಯೋಗವೊಂದರಲ್ಲಿ, ನಿರುಪದ್ರವಿ ವೈರಸ್ಸಿನ ಮೂಲಕ ಆಲ್ಫಾ-1 ವಂಶವಾಹಿಯನ್ನು ಹೆಚ್ಚುವರಿಯಾಗಿ ಸೇರಿಸಿದಾಗ ಬಹುಪಾಲು ಇಲಿಗಳಲ್ಲಿ ಮೊದಲ ವಾರಗಳಲ್ಲಿ ಸೆಳವು ಕಾಣಿಸಿಕೊಳ್ಳಲಿಲ್ಲ. ಗ್ರಾಹಕದ ಬದಲಾವಣೆ ರೋಗದ ಪರಿಣಾಮ ಮಾತ್ರವಲ್ಲ, ಕಾರಣವೂ ಹೌದು ಎಂಬುದಕ್ಕೆ ಇದು ಬಲ ನೀಡಿತು. ಈ ಎರಡೂ ಪ್ರಯೋಗಗಳು ಪಾರ್ಶ್ವವಾಯುವಿನ ಮಾದರಿಯಲ್ಲಿ ನಡೆದವಲ್ಲವಾದರೂ, ಗಾಯಗೊಂಡ ಮಿದುಳು ಅಪಸ್ಮಾರದತ್ತ ಸಾಗುವ ಬಗೆಯನ್ನು ತಿಳಿಯಲು ಆಧಾರವಾಗಿವೆ.

ಮೂರನೆಯ ಬದಲಾವಣೆ ಇನ್ನೂ ವಿಚಿತ್ರವಾದುದು. ಕೋಶದೊಳಗಿನ ಕ್ಲೋರೈಡನ್ನು ಹೊರಹಾಕುವ ಕೆಸಿಸಿ2 ಎಂಬ ಸಾಗಣೆ ಪ್ರೋಟೀನು ಗಾಯದ ಬಳಿಕ ತಗ್ಗುತ್ತದೆ. ಒಳತರುವ ಎನ್‌ಕೆಸಿಸಿ1 ಹೆಚ್ಚುತ್ತದೆ. ಒಳಗೆ ಕ್ಲೋರೈಡ್ ತುಂಬಿಕೊಂಡಿರುವಾಗ ಗಾಬಾ ಬಾಗಿಲು ತೆರೆದರೆ ಹರಿವು ಹಿಮ್ಮುಖವಾಗುತ್ತದೆ. ತಣಿಸಬೇಕಾದ ಗಾಬಾ ಕೆರಳಿಸತೊಡಗುತ್ತದೆ. ನವಜಾತ ಶಿಶುವಿನ ಮಿದುಳಿನಲ್ಲಿ ಸಹಜವಾಗಿ ಇರುವ ಸ್ಥಿತಿ ಇದು. ಗಾಯಗೊಂಡ ಮಿದುಳು ಒಂದರ್ಥದಲ್ಲಿ ತನ್ನ ಶೈಶವಕ್ಕೆ ಮರಳುತ್ತದೆ.

ಒಡೆದ ತಡೆಗೋಡೆ, ಸೋರುವ ಅಲ್ಬುಮಿನ್

ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ರಕ್ತನಾಳಗಳ ಗೋಡೆಯಲ್ಲಿ ಬಿಗಿಯಾದ ತಡೆ ಇದೆ. ಪಾರ್ಶ್ವವಾಯು ಈ ತಡೆಯನ್ನು ಒಡೆಯುತ್ತದೆ. ರಕ್ತದ ಅಲ್ಬುಮಿನ್ ಪ್ರೋಟೀನು ಒಳಸೋರಿ, ನರಕೋಶಗಳಿಗೆ ಆಸರೆಯಾದ ಆಸ್ಟ್ರೊಸೈಟ್ ಕೋಶಗಳ ಟಿಜಿಎಫ್-ಬೀಟಾ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಇಸ್ರೇಲ್, ಜರ್ಮನಿ ಹಾಗೂ ಅಮೆರಿಕದ ಸಂಶೋಧಕರು 2000ದ ದಶಕದಲ್ಲಿ ಕಂಡುಕೊಂಡಂತೆ, ಇದರಿಂದ ಆ ಕೋಶಗಳ ವಂಶವಾಹಿ ಅಭಿವ್ಯಕ್ತಿಯೇ ಬದಲಾಗುತ್ತದೆ. ಹೆಚ್ಚುವರಿ ಪೊಟ್ಯಾಸಿಯಂ ಮತ್ತು ಗ್ಲುಟಮೇಟನ್ನು ಹೀರಿ ಸ್ವಚ್ಛಗೊಳಿಸುವ ಕೆಲಸ ಕುಂಠಿತವಾಗುತ್ತದೆ. ಉರಿಯೂತದ ಸಂದೇಶವಾಹಕವಾದ ಇಂಟರ್‌ಲ್ಯೂಕಿನ್-1 ಬೀಟಾ ಎನ್‌ಎಂಡಿಎ ಗ್ರಾಹಕವನ್ನು ಮತ್ತಷ್ಟು ಚುರುಕಾಗಿಸುತ್ತದೆ. ಮಿದುಳಿನಲ್ಲಿ ರಕ್ತಸ್ರಾವ ಆದವರಲ್ಲಿ ಅಪಾಯ ಹೆಚ್ಚಿರುವುದಕ್ಕೆ ರಕ್ತದ ಅಂಶಗಳು ನೇರವಾಗಿ ನರಕೋಶಗಳನ್ನು ತಾಗುವುದೂ ಒಂದು ಕಾರಣ.

ರಕ್ತದೊತ್ತಡಕ್ಕೆ ಬಳಸುವ ಲೊಸಾರ್ಟನ್ ಎಂಬ ಹಳೆಯ ಗುಳಿಗೆ ಈ ಟಿಜಿಎಫ್-ಬೀಟಾ ಮಾರ್ಗವನ್ನು ತಡೆದು, ಇಲಿಗಳಲ್ಲಿ ಅಪಸ್ಮಾರ ಬೆಳೆಯುವುದನ್ನು ತಗ್ಗಿಸಿತು ಎಂಬ ವರದಿ 2014ರಲ್ಲಿ ಬಂದಿತು. ಜರ್ಮನಿಯ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ 2022ರ ಅಧ್ಯಯನ, ಈ ಗುಂಪಿನ ಗುಳಿಗೆ ಸೇವಿಸುವ ರಕ್ತದೊತ್ತಡ ರೋಗಿಗಳಲ್ಲಿ ಅಪಸ್ಮಾರ ತುಸು ಕಡಿಮೆ ಎಂದು ಹೇಳಿತು. ಆದರೆ ದಾಖಲೆಗಳ ಹೋಲಿಕೆ ಪುರಾವೆ ಆಗುವುದಿಲ್ಲ. ಅಪಸ್ಮಾರ ತಡೆಯಲೆಂದು ಈ ಗುಳಿಗೆ ನೀಡುವ ಪದ್ಧತಿ ಬಂದಿಲ್ಲ.

ಚೇತರಿಕೆಯೂ ಅದೇ ಬಾಗಿಲಿನಿಂದ

ಹಾಗಾದರೆ ಪಾರ್ಶ್ವವಾಯು ಆದ ದಿನವೇ ಮಿದುಳನ್ನು ಔಷಧದಿಂದ ತಣಿಸಿಬಿಟ್ಟರೆ ಆಗದೇ? ಇಲ್ಲಿಯೇ ತೊಡಕು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾರ್ಶ್ವವಾಯು ಪೀಡಿತ ಇಲಿಗಳ ಗಾಯದ ಅಂಚಿನಲ್ಲಿ ಗಾಬಾದ ಒಂದು ಬಗೆಯ ನಿರಂತರ ತಣಿವು ಹೆಚ್ಚಾಗಿರುವುದು ಕಂಡಿತು. ದಿನಗಳ ನಂತರ ಆ ತಣಿವನ್ನು ತಗ್ಗಿಸಿದಾಗ ಕೈಕಾಲುಗಳ ಚಲನೆ ಉತ್ತಮಗೊಂಡಿತು. ಕಳೆದುಹೋದ ಕೆಲಸವನ್ನು ಮಿದುಳು ಮರಳಿ ಕಲಿಯಬೇಕಾದರೆ ಉಳಿದ ಕೋಶಗಳು ಸ್ವಲ್ಪ ಹೆಚ್ಚೇ ಎಚ್ಚರವಾಗಿರಬೇಕು. ಅದೇ ಎಚ್ಚರ ಅಳತೆ ಮೀರಿದರೆ ಸೆಳವು. ಚೇತರಿಕೆ ಮತ್ತು ಅಪಸ್ಮಾರ ಎರಡೂ ಒಂದೇ ಬಾಗಿಲಿನಿಂದ ಒಳಬರುತ್ತವೆ. ಒಂದನ್ನು ತಡೆಯಲು ಬಾಗಿಲು ಮುಚ್ಚಿದರೆ ಇನ್ನೊಂದೂ ಹೊರಗೇ ಉಳಿಯುತ್ತದೆ.

ಸೆಳವು ಬಾರದವರಿಗೆ ಮುನ್ನೆಚ್ಚರಿಕೆಯ ಹೆಸರಿನಲ್ಲಿ ದೀರ್ಘಕಾಲ ಅಪಸ್ಮಾರದ ಗುಳಿಗೆ ನೀಡುವುದನ್ನು ಚಿಕಿತ್ಸಾ ಮಾರ್ಗಸೂಚಿಗಳು ಒಪ್ಪುವುದಿಲ್ಲ. ಈಗಿರುವ ಔಷಧಗಳು ಸೆಳವನ್ನು ತಡೆಯುತ್ತವೆ, ಅಪಸ್ಮಾರ ಹುಟ್ಟುವುದನ್ನಲ್ಲ.

ಕರ್ನಾಟಕದ ಕೊಡುಗೆ

ಗ್ರಾಹಕಗಳ ಕುರಿತ ಬಹುಪಾಲು ತಿಳಿವಳಿಕೆ ಇಲಿಗಳಿಂದ ಬಂದದ್ದು. ಮನುಷ್ಯನ ಮಿದುಳಿನ ಅಂಗಾಂಶ ದೊರೆಯುವುದು ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆ ನಡೆದಾಗ ಅಥವಾ ಮರಣಾನಂತರ ಕುಟುಂಬದವರು ದಾನ ಮಾಡಿದಾಗ. ಈ ಕೊರತೆ ತುಂಬಲು ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಮಾನವ ಮಿದುಳು ಭಂಡಾರ ಸ್ಥಾಪನೆಯಾಯಿತು. ನರರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ ಅವರು ಕಟ್ಟಿ ಬೆಳೆಸಿದ ಈ ಭಂಡಾರ ದೇಶದ ಸಂಶೋಧಕರಿಗೆ ಅಂಗಾಂಶ ಒದಗಿಸುತ್ತದೆ.

ಹೆರಿಗೆಯ ನಂತರದ ವಾರಗಳಲ್ಲಿ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯ ಕುರಿತು ಡಾ. ಡಿ. ನಾಗರಾಜ ಸೇರಿದಂತೆ ನಿಮ್ಹಾನ್ಸ್ ವೈದ್ಯರು ದಶಕಗಳ ಕಾಲ ಅಧ್ಯಯನ ನಡೆಸಿದ್ದಾರೆ. ಇದು ಯುವ ತಾಯಂದಿರನ್ನು ಕಾಡುವ ಪಾರ್ಶ್ವವಾಯು. ಈ ಕಾಯಿಲೆಯಲ್ಲಿ ಐವರಲ್ಲಿ ಸುಮಾರು ಇಬ್ಬರಿಗೆ ಸೆಳವೇ ಆರಂಭದ ಲಕ್ಷಣಗಳಲ್ಲೊಂದು ಎಂದು ಅಂತರರಾಷ್ಟ್ರೀಯ ಅಧ್ಯಯನಗಳು ಹೇಳುತ್ತವೆ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ದೇಹ ಬತ್ತಲು ಎಡೆಮಾಡಿ ರಕ್ತ ಹೆಪ್ಪುಗಟ್ಟಲು ಪೂರಕವಾಗುತ್ತದೆ. ಬಾಣಂತಿಗೆ ತೀವ್ರ ತಲೆನೋವಿನೊಡನೆ ಫಿಟ್ಸ್ ಬಂದರೆ ಅದನ್ನು ದೃಷ್ಟಿ, ಸೋಂಕು ಎಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಚಿಕಿತ್ಸೆ ಏನು?

ಹಳೆಯ ಔಷಧಗಳಾದ ಫೆನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪಿನ್ ಅಗ್ಗವಾಗಿದ್ದು ಸೆಳವನ್ನು ತಡೆಯುತ್ತವೆ. ಆದರೆ ಪಾರ್ಶ್ವವಾಯು ರೋಗಿಗೆ ಸಾಮಾನ್ಯವಾಗಿ ಕೊಡುವ ರಕ್ತ ತೆಳುವಾಗಿಸುವ ಹಾಗೂ ಕೊಲೆಸ್ಟರಾಲ್ ತಗ್ಗಿಸುವ ಔಷಧಗಳ ಪರಿಣಾಮವನ್ನು ಇವು ಏರುಪೇರು ಮಾಡಬಲ್ಲವು. ಅದಕ್ಕೆಂದೇ ಲೆವೆಟಿರಾಸೆಟಮ್ ಮತ್ತು ಲ್ಯಾಮೊಟ್ರಿಜಿನ್ ಔಷಧಗಳಿಗೆ ಆದ್ಯತೆ ದೊರೆತಿದೆ. ಲೆವೆಟಿರಾಸೆಟಮ್ ಕೆಲವರಲ್ಲಿ ಸಿಡುಕು, ಖಿನ್ನತೆ ತರಬಹುದಾದ್ದರಿಂದ ಮನೆಯವರು ಗಮನಿಸುತ್ತಿರಬೇಕು. ಆಂಪಾ ಗ್ರಾಹಕವನ್ನೇ ನೇರವಾಗಿ ತಡೆಯುವ ಪೆರಾಂಪನೆಲ್ 2012ರಲ್ಲಿ ಯುರೋಪ್ ಮತ್ತು ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಗ್ರಾಹಕ ಸಂಶೋಧನೆ ಔಷಧದ ಅಂಗಡಿಯವರೆಗೆ ಬಂದುದಕ್ಕೆ ಅದು ಉದಾಹರಣೆ.

ಪಾರ್ಶ್ವವಾಯುವಿನ ನಂತರದ ಅಪಸ್ಮಾರ ಬಹಳಷ್ಟು ರೋಗಿಗಳಲ್ಲಿ ಒಂದೇ ಔಷಧಕ್ಕೆ ಹತೋಟಿಗೆ ಬರುತ್ತದೆ. ಹಲವು ತಿಂಗಳು ಸೆಳವು ಬಾರದಿದ್ದಾಗ 'ವಾಸಿಯಾಯಿತು' ಎಂದು ಗುಳಿಗೆ ನಿಲ್ಲಿಸುವುದೇ ದೊಡ್ಡ ತಪ್ಪು. ಗ್ರಾಹಕಗಳ ಬದಲಾವಣೆ ಹಾಗೆಯೇ ಉಳಿದಿರುತ್ತದೆ. ಔಷಧ ಅದನ್ನು ಹಿಡಿದಿಟ್ಟಿರುತ್ತದೆ ಅಷ್ಟೇ. ಏಕಾಏಕಿ ನಿಲ್ಲಿಸಿದರೆ ಸೆಳವು ಬಿಡದೆ ಸರಣಿಯಾಗಿ ಬಂದು ಪ್ರಾಣಕ್ಕೇ ಅಪಾಯವಾಗಬಹುದು.

ದಾಂಡೇಲಿಯಿಂದ ಎಷ್ಟು ದೂರ?

ದಾಂಡೇಲಿಯಿಂದ ಧಾರವಾಡ ಸುಮಾರು 55 ಕಿ.ಮೀ. ಹುಬ್ಬಳ್ಳಿಯ ಕಿಮ್ಸ್ ಎಂದೇ ಜನಜನಿತವಾದ ಸರ್ಕಾರಿ ವೈದ್ಯಕೀಯ ಸಂಸ್ಥೆ ಮತ್ತು ಧಾರವಾಡದ ಡಿಮ್ಹಾನ್ಸ್ ಈ ಭಾಗದ ಜನರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸರೆಗಳು. ಜಿಲ್ಲಾ ಕೇಂದ್ರ ಕಾರವಾರಕ್ಕೆ ಹೋಗಬೇಕಾದರೆ ಘಟ್ಟ ಇಳಿಯಬೇಕು. ಬೆಂಗಳೂರು 450 ಕಿ.ಮೀ.ಗೂ ದೂರ. ಜೋಯಿಡಾದ ಕಾಡಿನೊಳಗಿನ ಊರುಗಳಿಂದ ಡಾಂಬರು ರಸ್ತೆಗೆ ಬರುವುದೇ ಮಳೆಗಾಲದಲ್ಲಿ ಒಂದು ಪ್ರಯಾಣ. ರಕ್ತ ಕಟ್ಟಿಕೊಂಡು ಆಗುವ ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ನೀಡಬೇಕು. ಅಪಸ್ಮಾರದ ಅಪಾಯ ಮಿದುಳಿಗಾದ ಹಾನಿಯ ತೀವ್ರತೆಯನ್ನು ಅವಲಂಬಿಸಿರುವುದರಿಂದ, ದಾರಿಯಲ್ಲಿ ಕಳೆದ ಪ್ರತಿ ಗಂಟೆಯ ಬೆಲೆಯನ್ನು ರೋಗಿ ಮುಂದಿನ ವರ್ಷಗಳಲ್ಲಿ ತೆರಬೇಕಾಗುತ್ತದೆ.

ಉತ್ತರ ಕನ್ನಡ ಜಿಲ್ಲೆಗೆ ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂಬ ಕೂಗು 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನವಾಗಿ ಎದ್ದಿತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್‌ನಲ್ಲಿ ಅಪಘಾತಕ್ಕೀಡಾದ ಬಳಿಕ ಅದು ಮತ್ತೆ ತೀವ್ರಗೊಂಡಿತು. ಪಾರ್ಶ್ವವಾಯು, ಅಪಸ್ಮಾರಗಳ ಮಟ್ಟಿಗೆ ಆಶಾದಾಯಕವೆನಿಸುವ ಬೆಳವಣಿಗೆ, ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಜಂಟಿಯಾಗಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಅಪಸ್ಮಾರ, ಪಾರ್ಶ್ವವಾಯು, ತಲೆನೋವು, ಮರೆವಿನ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ನೀಡುವ ತರಬೇತಿ ಕೊಡುವುದು ಇದರ ತಿರುಳು. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ದಕ್ಷಿಣ ಭಾಗದಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ ನಂತರ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಅದೇ ವರ್ಷ ಅಪಸ್ಮಾರ ಮತ್ತಿತರ ನರರೋಗಗಳಿಗಾಗಿ 2031ರವರೆಗಿನ ಕ್ರಿಯಾಯೋಜನೆಗೆ ಒಪ್ಪಿಗೆ ನೀಡಿದವು.

ಮನೆಯವರು ತಿಳಿದಿರಬೇಕಾದದ್ದು

ಸೆಳವು ಬಂದಾಗ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಬಿಗಿಯಾದ ಬಟ್ಟೆ ಸಡಿಲಿಸಬೇಕು. ಬಾಯಿಗೆ ಚಮಚ, ನೀರು, ಗುಳಿಗೆ ಯಾವುದನ್ನೂ ಹಾಕಬಾರದು. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದರಿಂದ, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದರಿಂದ ಯಾವ ಪ್ರಯೋಜನವೂ ಇಲ್ಲ. ಹೆಚ್ಚಿನ ಸೆಳವುಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುವುದರಿಂದ ಕೀರ್ತಿ ಕಬ್ಬಿಣಕ್ಕೆ ಸಲ್ಲುತ್ತದೆ. ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ, ಪ್ರಜ್ಞೆ ಮರಳದೆ ಮತ್ತೊಂದು ಸೆಳವು ಬಂದರೆ, ಅಥವಾ ಇದೇ ಮೊದಲ ಸೆಳವಾಗಿದ್ದರೆ 108ಕ್ಕೆ ಕರೆ ಮಾಡಬೇಕು. ಕೈಕಾಲು ಬಲ ಕಳೆದುಕೊಂಡದ್ದು ಸೆಳವಿನಿಂದಲೋ ಹೊಸ ಪಾರ್ಶ್ವವಾಯುವಿನಿಂದಲೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮನೆಯಲ್ಲಿ ಕಾದು ನೋಡುವುದು ಸಲ್ಲದು. ಸಾಧ್ಯವಾದರೆ ಸೆಳವಿನ ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದರೆ ರೋಗ ಪತ್ತೆಗೆ ಅದು ಬಹಳ ನೆರವಾಗುತ್ತದೆ.

ವಾಹನ ಚಾಲನೆ, ಕಾರ್ಖಾನೆಯ ಯಂತ್ರಗಳ ಕೆಲಸ, ನದಿಯಲ್ಲಿ ಒಬ್ಬಂಟಿ ಸ್ನಾನ, ಮರ ಹತ್ತುವುದು ಸೆಳವು ಹತೋಟಿಗೆ ಬರುವತನಕ ವರ್ಜ್ಯ. ನಿದ್ದೆಗೆಡುವುದು, ಮದ್ಯಪಾನ ಸೆಳವನ್ನು ಪ್ರಚೋದಿಸುತ್ತವೆ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಟ್ಟರೆ ಮತ್ತೊಂದು ಪಾರ್ಶ್ವವಾಯುವಿನ ಅಪಾಯ ತಗ್ಗುತ್ತದೆ.

ಗ್ರಾಹಕಗಳ ವಂಶವಾಹಿಯನ್ನು ಸರಿದಾರಿಗೆ ತಂದು, ಚೇತರಿಕೆಗೆ ಅಡ್ಡಿಯಾಗದಂತೆ ಅಪಸ್ಮಾರವನ್ನು ಹುಟ್ಟುವ ಮೊದಲೇ ತಡೆಯುವ ಔಷಧ ಇನ್ನೂ ರೋಗಿಯ ಕೈಸೇರಿಲ್ಲ. ಅಲ್ಲಿಯವರೆಗೆ ರೋಗಿಯ ರಕ್ಷಣೆ ನಿಂತಿರುವುದು ಮೂರು ಸಾಮಾನ್ಯ ಸಂಗತಿಗಳ ಮೇಲೆ: ಪಾರ್ಶ್ವವಾಯು ಆದೊಡನೆ ಬೇಗ ಆಸ್ಪತ್ರೆ ಸೇರುವುದು, ಮೊದಲ ಸೆಳವನ್ನು ಸೆಳವೆಂದು ಗುರುತಿಸುವುದು, ಮತ್ತು ವೈದ್ಯರು ಹೇಳುವವರೆಗೆ ಗುಳಿಗೆ ನಿಲ್ಲಿಸದಿರುವುದು.